ಗ್ವಾಹಿಯೋ ಮೆಣಸಿನಕಾಯಿಯ ರಿಗತೋನಿ: ನನ್ನ ಅನುಭವ

ಗ್ವಾಹಿಯೋ ಎಂಬ ಮೆಕ್ಸಿಕೋದ ಒಣಮೆಣಸಿನಕಾಯಿಯನ್ನು ಇಟಲಿಯ ಕ್ರಮದ ರಿಗತೋನಿಯೊಳಗೆ, ಅಂದರೆ ಗೀರುಗಳಿರುವ ಕೊಳವೆಯಂತಹ ಪಾಸ್ತಾದೊಳಗೆ, ಕೂರಿಸಲು ಹೊರಟಾಗ ನನಗೆ ಸಿಕ್ಕ ಪ್ರೋತ್ಸಾಹ ಅಷ್ಟಕ್ಕಷ್ಟೇ. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ನಾವು ಕೆಲವು ಕನ್ನಡದ ಮನೆಗಳವರು ಆಗಾಗ ಒಟ್ಟಿಗೆ ಸೇರಿ ಊಟ ಮಾಡುತ್ತೇವೆ. ಮೊದಲ ಸಲ ಇದನ್ನು ಅಲ್ಲಿಗೆ ಒಯ್ದಾಗ ಮಂಗಳೂರಿನ ಕಡೆಯ ಸ್ನೇಹಿತರೊಬ್ಬರು ಒಂದು ತುತ್ತು ತಿಂದು, "ಇದಕ್ಕಿಂತ ಸಾರಿಗೆ ಶ್ಯಾವಿಗೆ ಹಾಕಿ ಕೊಟ್ಟಿದ್ದರೆ ಆಗ್ತಿತ್ತು ಮಾರಾಯ್ರೇ" ಎಂದರು. ಪಾಸ್ತಾವನ್ನು ಬಹಳ ಶ್ರದ್ಧೆಯಿಂದ ಮಾಡುವ ಗೆಳತಿಯೊಬ್ಬರು, ಈ ಎರಡು ಅಡುಗೆಗಳನ್ನು ಬೆರೆಸುವ ಅಗತ್ಯವೇ ಇಲ್ಲವೆಂದು ತೀರ್ಪು ಕೊಟ್ಟರು. ಈಗ ಅದೇ ಊಟಕ್ಕೆ ನಾನು ಒಯ್ಯುವ ಪಾತ್ರೆ ಬಳಿದು ಬರಿದಾಗಿಯೇ ಮನೆಗೆ ಮರಳುತ್ತದೆ. ಮಾಡುವ ಬಗೆಯನ್ನು ಕೇಳುವವರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದೇ ಬಿಡುತ್ತಿದ್ದೇನೆ. ಪಾಸ್ತಾ ಬೇಯಿಸುವುದು, ಅದರ ನೀರನ್ನು ತೆಗೆದಿಡುವುದು, ಸಾಸಿನಲ್ಲೇ ಅದನ್ನು ಕೊನೆಯ ಹದಕ್ಕೆ ತರುವುದು ಓದುವವರಿಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ನಾನು ಕಂಡುಕೊಂಡದ್ದು ಇಷ್ಟು. ಸಿದ್ಧವಾದ ಇಟಾಲಿಯನ್ ಸಾಸಿನ ಮೇಲೆ ಮೆಕ್ಸಿಕೋದ ರುಚಿಯನ್ನು ಹೇರಿದರೆ ಅವೆರಡೂ ಕೂಡಿಕೊಳ್ಳುವುದಿಲ್ಲ. ಸಾಸಿನ ಬುಡವೇ ಮೆಕ್ಸಿಕೋದ್ದಾಗಿರಬೇಕು. ಪಾಸ್ತಾವನ್ನು ಅದರೊಡನೆ ಒಂದಾಗಿಸುವ ಕೈಕೆಲಸ ಮಾತ್ರ ಇಟಲಿಯದಾಗಿರಬೇಕು.

ಇದು ತಿಳಿಯುವುದಕ್ಕೆ ಮುಂಚೆ ಹಣ ಸಾಕಷ್ಟು ಕೈಬಿಟ್ಟಿತು. ಬೆಣ್ಣೆ, ಕ್ರೀಮು, ಪಾರ್ಮೆಸಾನ್ ಚೀಸ್ ಸೇರಿದ ಬಿಳಿ ಸಾಸಿಗೆ ಪೊಟ್ಟಣದ ಟಾಕೋ ಮಸಾಲೆ ಬೆರೆಸಿದ್ದು ಮೊದಲ ಪ್ರಯತ್ನ. ಆ ಮಸಾಲೆಯಲ್ಲಿ ಜೀರಿಗೆಯದೇ ಕಾರುಬಾರು, ಪುಡಿ ಸಾಸಿನಲ್ಲಿ ಮರಳಿನಂತೆ ನಾಲಿಗೆಗೆ ಸಿಗುತ್ತಿತ್ತು. ಅದಕ್ಕೆ ನಿಂಬೆರಸ ಹಿಂಡಿದಾಗ ಕ್ರೀಮು ಒಡೆಯಿತು. ಪಾರ್ಮೆಸಾನ್ ಒಂದಕ್ಕೇ ಪೌಂಡಿಗೆ 20 ಡಾಲರಿನ ಆಸುಪಾಸು ಕೊಟ್ಟಿದ್ದೆ. ಮನೆಯವರು ಮುಖ ನೋಡಿಕೊಂಡು ತಿಂದರು. ಮುಂದೆ ಡಬ್ಬಿಯ ಚಿಪೋಟ್ಲೆಗೆ ಕೈಹಾಕಿದೆ. ಅದು ಹೊಗೆಯಲ್ಲಿ ಒಣಗಿಸಿದ ಹಲಪೇನ್ಯೊ ಮೆಣಸಿನಕಾಯಿ, ವಿನೆಗರ್ ಬೆರೆತ ಗಸಿಯಲ್ಲಿ ಮುಳುಗಿರುತ್ತದೆ. ಮೂರು ಡಾಲರಿಗೂ ಕಡಿಮೆಗೆ ಸಿಗುವುದರಿಂದ ಎಲ್ಲರೂ ಮೊದಲು ಹಿಡಿಯುವುದು ಅದನ್ನೇ, ಆದರೆ ಎರಡು ಕಾಯಿ ಹೆಚ್ಚಾದರೆ ಪಾಸ್ತಾ, ಟೊಮೇಟೊ, ಚೀಸ್ ಮೂರೂ ಹೊಗೆಯಲ್ಲಿ ಕಳೆದುಹೋಗುತ್ತವೆ. ನಾಲ್ಕು ಜನರ ಅಡುಗೆಗೆ ಅರ್ಧ ಕಾಯಿ ಧಾರಾಳವಾಯಿತು ಎಂಬುದು ನನ್ನ ಅಭಿಪ್ರಾಯ, ಈಗ ಅದನ್ನೂ ಬಿಟ್ಟಿದ್ದೇನೆ. ಜಾಡಿಯಲ್ಲಿ ಸಿಗುವ ಮೋಲೇ ಎಂಬ ಮೆಕ್ಸಿಕೋದ ಗಟ್ಟಿ ಸಾಸನ್ನು ಪಾಸ್ತಾದ ನೀರಿನಲ್ಲಿ ತೆಳುವಾಗಿಸಿ ನೋಡಿದ್ದೂ ಉಂಟು. ಅದರಲ್ಲಿರುವ ಬೀಜಗಳ ಮತ್ತು ಮೆಣಸಿನಕಾಯಿಗಳ ಪುಡಿ ನೀರನ್ನು ಹೀರುತ್ತಲೇ ಹೋಗಿ, ಬಡಿಸುವ ಹೊತ್ತಿಗೆ ರಿಗತೋನಿ ಗಂಜಿಗೆ ಅಂಟಿಕೊಂಡಂತಾಗಿತ್ತು. ಮೋಲೇಗೆ ಟೋರ್ಟಿಯಾ ರೊಟ್ಟಿಯೋ ಅನ್ನವೋ ಸರಿ.

ದಾರಿ ತೋರಿಸಿದ್ದು ಪಕ್ಕದ ಬೀದಿಯ ಮೆಕ್ಸಿಕನ್ ಅಜ್ಜಿಯೊಬ್ಬರ ಅಡುಗೆಮನೆ. ಅವರು ರುಬ್ಬಿದ ಮೆಣಸಿನಕಾಯಿಯ ಗಸಿಯನ್ನು ಕಾದ ಕೊಬ್ಬಿಗೆ ಒಮ್ಮೆಲೇ ಸುರಿದು, ಅದು ಚಟಪಟ ಸಿಡಿದು, ಬಣ್ಣ ಇಟ್ಟಿಗೆಯ ಕೆಂಪಿನಿಂದ ಗಾಢ ಕಂದುಗೆಂಪಿಗೆ ತಿರುಗುವವರೆಗೆ ಬಿಡದೆ ಕೈಯಾಡಿಸುತ್ತಿದ್ದರು. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ನನಗೆ ಎಲ್ಲವೂ ಅರ್ಥವಾಯಿತು, ಏಕೆಂದರೆ ಗೊಜ್ಜಿಗೂ ಸಾಗುವಿಗೂ ನಮ್ಮ ಮನೆಗಳಲ್ಲಿ ನೋಡುವ ಹದವೂ ಅದೇ. ಅಷ್ಟು ದಿನ ನಾನು ಈ ಗಸಿಯನ್ನು ಟೊಮೇಟೊ ಸಾಸಿನಲ್ಲಿ ಹಸಿಯಾಗಿಯೇ ಕುದಿಸುತ್ತಿದ್ದುದರಿಂದ ಅದರ ಮಣ್ಣಿನ ವಾಸನೆ, ಒಗರು, ಗಂಟಲಿನ ಕೆರೆತ ಹಾಗೆಯೇ ಉಳಿಯುತ್ತಿದ್ದವು.

ಈಗ ನಾನು ಮಾಡುವುದು ಹೀಗೆ. ನಾಲ್ಕು ಜನರಿಗೆ 400 ಗ್ರಾಂ ರಿಗತೋನಿ, ಒಣಮೆಣಸಿನಕಾಯಿಗಳಲ್ಲಿ ಗ್ವಾಹಿಯೋ ಆರೇಳು, ಆಂಚೊ ಒಂದು, ಖಾರ ಬೇಕೆನ್ನುವವರಿಗೆ ಆರ್ಬೊಲ್ ಒಂದು. ಗ್ವಾಹಿಯೋ ಬಣ್ಣಕ್ಕೆ ಮತ್ತು ತುಸು ಹುಳಿ ಬೆರೆತ ರುಚಿಗೆ. ಪೊಬ್ಲಾನೊ ಎಂಬ ಮೆಣಸಿನಕಾಯಿಯ ಒಣರೂಪವಾದ ಆಂಚೊ ಒಣದ್ರಾಕ್ಷಿಯನ್ನು ನೆನಪಿಸುವ ಸಿಹಿಗೆ. ತೊಟ್ಟು ಬೀಜ ತೆಗೆದು ಬಿಡಿಸಿದ ಕಾಯಿಗಳನ್ನು ಕಾವಲಿಯ ಮೇಲೆ ಒತ್ತಿ, ಒಂದೊಂದು ಬದಿಗೆ ಇಪ್ಪತ್ತು ಸೆಕೆಂಡಿನಷ್ಟು ಬಿಸಿ ತಾಗಿಸಬೇಕು. ಘಮ ಬಂದ ಕೂಡಲೇ ತೆಗೆಯಬೇಕು. ಕಪ್ಪು ಚುಕ್ಕೆ ಹರಡಿದರೆ ಕಹಿ, ಅದನ್ನು ಸಕ್ಕರೆ ಹಾಕಿ ಸರಿಪಡಿಸುವುದಾಗದು, ಎಸೆದು ಹೊಸ ಕಾಯಿ ತೆಗೆದುಕೊಳ್ಳುವುದೇ ಅಗ್ಗ. ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಯಲಿ. ಆ ನೀರನ್ನು ನಾಲಿಗೆಗೆ ಹಚ್ಚಿ ನೋಡಿ, ಕಹಿಯಿದ್ದರೆ ಚೆಲ್ಲಿ, ರುಬ್ಬಲು ಬೇರೆ ನೀರು ಬಳಸುತ್ತೇನೆ. ಅದೇ ಕಾವಲಿಯಲ್ಲಿ ಮೂರು ಟೊಮೇಟೊ, ಅರ್ಧ ಬಿಳಿ ಈರುಳ್ಳಿ, ಸಿಪ್ಪೆ ಸಹಿತ ನಾಲ್ಕು ಎಸಳು ಬೆಳ್ಳುಳ್ಳಿ ಮೇಲೆ ಸುಟ್ಟ ಕಲೆಗಳು ಮೂಡುವವರೆಗೆ ಕೂತಿರುತ್ತವೆ. ಬೆಳ್ಳುಳ್ಳಿಯ ಸಿಪ್ಪೆ ಆಮೇಲೆ ತೆಗೆಯಬೇಕು. ಎಲ್ಲವನ್ನೂ ಸೇರಿಸಿ ನುಣ್ಣಗೆ ರುಬ್ಬಿ ಜರಡಿಯಲ್ಲಿ ಸೋಸಬೇಕು. ಬ್ಲೆಂಡರ್ ಎಷ್ಟೇ ಬೆಲೆಯದಾದರೂ ಗ್ವಾಹಿಯೋದ ಸಿಪ್ಪೆ ಪೂರ್ತಿ ಅರೆಯುವುದಿಲ್ಲ. ಸೋಸದೆ ಹಾಕಿದವರ ಗಂಟಲಿಗೆ ಅದು ತಗಲಿಕೊಳ್ಳುತ್ತದೆ. ರುಬ್ಬುವಾಗ ಆಲಿವ್ ಎಣ್ಣೆ ಸೇರಿಸಬಾರದು, ವೇಗವಾಗಿ ತಿರುಗಿದರೆ ಅದು ಕಹಿ ಬಿಡುತ್ತದೆ.

ಅಗಲವಾದ ಬಾಣಲೆಯಲ್ಲಿ ಮೂರ್ನಾಲ್ಕು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾದ ಮೇಲೆ ಗಸಿಯನ್ನು ಸುರಿಯುತ್ತೇನೆ. ಅಜ್ಜಿ ಹಂದಿಯ ಕೊಬ್ಬು ಬಳಸುತ್ತಾರೆ. ನಮ್ಮ ಊಟದಲ್ಲಿ ಸಸ್ಯಾಹಾರಿಗಳು ಹೆಚ್ಚಿರುವುದರಿಂದ ನಾನು ಅವಕಾಡೊ ಎಣ್ಣೆಯ ಜೊತೆ ಒಂದು ಚಮಚ ತುಪ್ಪ ಹಾಕುತ್ತೇನೆ. ಎಂಟು ಹತ್ತು ನಿಮಿಷ ಕೈಯಾಡಿಸಿದ ಮೇಲೆ ಸೌಟು ಎಳೆದ ದಾರಿ ಮುಚ್ಚಿಕೊಳ್ಳದೆ ಬಾಣಲೆಯ ತಳ ಕಾಣಿಸುತ್ತದೆ, ಬದಿಗಳಲ್ಲಿ ಕೆಂಪೆಣ್ಣೆ ತೇಲುತ್ತದೆ. ಉಪ್ಪು, ಅಂಗೈಯಲ್ಲಿ ತಿಕ್ಕಿದ ಅರ್ಧ ಚಮಚ ಮೆಕ್ಸಿಕನ್ ಒರೆಗಾನೊ ಬೀಳುವುದು ಆಗಲೇ. ಇಟಲಿಯ ಒರೆಗಾನೊ ಪುದೀನದ ಬಳಗದ್ದು, ಮೆಕ್ಸಿಕೋದ್ದು ಬೇರೆಯೇ ಗಿಡ, ಅದರ ವಾಸನೆ ನಿಂಬೆಯ ಕಡೆಗೆ ವಾಲುತ್ತದೆ. ಮೆಕ್ಸಿಕೋದ್ದರ ಬದಲು ಇಟಲಿಯದನ್ನು ಹಾಕಿದರೆ ಇಲ್ಲಿ ಪಿಜ್ಜಾದ ನೆನಪಾಗುತ್ತದೆ.

ಇಲ್ಲಿಂದ ಮುಂದೆ ಗೊಜ್ಜಿನ ಅಭ್ಯಾಸವನ್ನು ಬಿಡಬೇಕು. ಗೊಜ್ಜಿನಲ್ಲಿ ಮೇಲೆ ತೇಲುವ ಎಣ್ಣೆ ಹದದ ಗುರುತು, ಅದನ್ನು ಹಾಗೆಯೇ ಬಡಿಸುತ್ತೇವೆ. ಪಾಸ್ತಾದಲ್ಲಿ ಬಿಟ್ಟ ಎಣ್ಣೆಯನ್ನು ಮರಳಿ ಸಾಸಿನೊಳಗೆ ಕಳಿಸಬೇಕು. 400 ಗ್ರಾಂ ಪಾಸ್ತಾವನ್ನು ನಾಲ್ಕು ಲೀಟರಿನ ಬದಲು ಎರಡೂವರೆ ಲೀಟರ್ ನೀರಿನಲ್ಲೇ ಬೇಯಿಸಿದರೆ ನೀರಿಗೆ ಗಂಜಿ ಚೆನ್ನಾಗಿ ಇಳಿಯುತ್ತದೆ. ಮುಂದೆ ಉಪ್ಪಿನ ಚೀಸ್ ಬರುವುದರಿಂದ ಲೀಟರಿಗೆ 10 ಗ್ರಾಂ ಉಪ್ಪಿನ ಲೆಕ್ಕವನ್ನು ಆರೇಳಕ್ಕೆ ಇಳಿಸಿದ್ದೇನೆ. ಪೊಟ್ಟಣದ ಮೇಲೆ ಹೇಳಿದ ಹೊತ್ತಿಗಿಂತ ಮೂರು ನಿಮಿಷ ಮುಂಚೆ ರಿಗತೋನಿಯನ್ನು ಬಾಣಲೆಗೆ ಎತ್ತಿಕೊಂಡು, ಎರಡು ಸೌಟು ಆ ನೀರು ಹಾಕಿ, ಉರಿ ಜೋರಾಗಿಟ್ಟು ಬಾಣಲೆಯನ್ನು ಎಳೆದು ಎತ್ತಿ ಕುಲುಕಬೇಕು. ಮೊದಲು ನೀರು ಒಂದು ಕಡೆ, ಎಣ್ಣೆ ಒಂದು ಕಡೆ ಓಡಾಡುತ್ತವೆ. ಒಂದೆರಡು ನಿಮಿಷದಲ್ಲಿ ಕೆಂಪೆಣ್ಣೆಯ ಹನಿಗಳು ಒಂದೊಂದಾಗಿ ಮರೆಯಾಗಿ, ಸಾಸು ಹೊಳಪೇರಿ, ಕೊಳವೆಯ ಗೀರುಗಳಿಗೆ ಅಂಟಿಕೊಳ್ಳುತ್ತದೆ. ಹೊಳಪು ಬಾರದೆ ತಟ್ಟೆಯಲ್ಲಿ ಎಣ್ಣೆ ಬೇರೆಯಾಗಿ ಹರಿದರೆ ಇನ್ನರ್ಧ ಸೌಟು ನೀರು ಹಾಕಿ ಮತ್ತೆ ಕುಲುಕುವುದು. ಎಣ್ಣೆ ಕಡಿಮೆ ಮಾಡುವುದು ಪರಿಹಾರವಲ್ಲ.

ಚೀಸ್ ಬಗ್ಗೆ ನನ್ನ ನಿಲುವು ಬಿಗಿಯಾಗಿದೆ. ಕೊತೀಹಾ ಮೆಕ್ಸಿಕೋದ ಮಿಚೊವಾಕಾನ್ ರಾಜ್ಯದ ಊರೊಂದರ ಹೆಸರಿನ ಚೀಸ್. ಉಪ್ಪುಪ್ಪಾಗಿ ಪುಡಿಪುಡಿಯಾಗುತ್ತದೆ, ಕರಗುವುದಿಲ್ಲ. ಅದನ್ನು ಬಾಣಲೆಗೆ ಹಾಕಿದರೆ ಸಾಸಿನಲ್ಲಿ ಕಾಳುಕಾಳಾಗಿ ಉಳಿಯುತ್ತದೆ. ಆದ್ದರಿಂದ ಒಳಗೆ ಪಾರ್ಮೆಸಾನ್ 40 ಗ್ರಾಮಿನಷ್ಟು, ಒಲೆ ಆರಿಸಿ ಒಂದು ನಿಮಿಷ ಬಿಟ್ಟು. ಮೇಲೆ ಕೊತೀಹಾ ಉದುರಿಸಲು. ಪಾರ್ಮೆಸಾನ್ ಬದಲು ಪೆಕೊರೀನೊ ಎಂಬ ಕುರಿಹಾಲಿನ ಚೀಸ್ ಹಾಕಿದರೆ ಎರಡು ಉಪ್ಪಿನ ಚೀಸ್‌ಗಳು ಜಗಳಕ್ಕೆ ನಿಲ್ಲುತ್ತವೆ. ಅಪ್ಪಟ ಪಾರ್ಮೆಸಾನ್ ಆದ ಪಾರ್ಮಿಜಾನೊ ರೆಜ್ಜಾನೊವನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪಿನಿಂದಲೇ ಹೆಪ್ಪುಗಟ್ಟಿಸುತ್ತಾರೆ ಎಂಬುದನ್ನು ಕಟ್ಟುನಿಟ್ಟಿನ ಸಸ್ಯಾಹಾರಿಗಳು ಗಮನಿಸಬೇಕು. ಅವರು ಬರುವ ದಿನ ನಾನು ಸಸ್ಯಾಹಾರಿ ರೆನೆಟ್ ಎಂದು ಬರೆದಿರುವ ಬೇರೆ ಗಟ್ಟಿ ಚೀಸ್ ತರುತ್ತೇನೆ, ಬೆಲೆಯೂ ಅರ್ಧ. ನಿಂಬೆಯ ರಸಕ್ಕಿಂತ ಹಸಿರು ಸಿಪ್ಪೆಯ ತುರಿ ಮೇಲು, ಅದೂ ತಟ್ಟೆಗೆ ಬಂದ ಮೇಲೆ. ಬಾಣಲೆ ಕೆಳಗಿಳಿಸಿದಾಗ ಹಾಕುವ ಇನ್ನೊಂದು ಚಿಟಿಕೆಯ ಪದಾರ್ಥವಿದೆ, ಅದನ್ನು ಬರೆಯುವುದಿಲ್ಲ. ಚಾಕಲೇಟ್ ಎಂದು ಊಹಿಸಿದವರೆಲ್ಲ ಸೋತಿದ್ದಾರೆ.

ಮೆಕ್ಕೆಜೋಳದ ಕಾಲದಲ್ಲಿ ಕಾಳು ಕೊಯ್ದುಳಿದ ದಿಂಡುಗಳನ್ನು ಪಾಸ್ತಾದ ನೀರಿನಲ್ಲೇ ಇಪ್ಪತ್ತು ನಿಮಿಷ ಕುದಿಸಿ ತೆಗೆಯುತ್ತೇನೆ. ನೀರಿಗೆ ಸಿಹಿ ಬರುತ್ತದೆ, ಖರ್ಚು ಸೊನ್ನೆ. ಕಾಳನ್ನು ಬೆಣ್ಣೆಯಲ್ಲಿ ಕಂದು ಕಲೆ ಬೀಳುವಂತೆ ಹುರಿದು ಮೇಲೆ ಹಾಕಿದರೆ ಮಕ್ಕಳು ಮೊದಲು ಅದನ್ನೇ ಆರಿಸಿ ತಿನ್ನುತ್ತಾರೆ.

ಸಾರು ಶ್ಯಾವಿಗೆ ಎಂದು ಗೇಲಿ ಮಾಡಿದವರಿಗೆ ಗೊತ್ತಿರಲಿಲ್ಲ, ಮೆಕ್ಸಿಕೋದವರು ಮಾಡುವುದು ಹೆಚ್ಚುಕಡಿಮೆ ಅದನ್ನೇ. ಫಿದೇಓ ಎಂಬ ತುಂಡು ಶ್ಯಾವಿಗೆಯನ್ನು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಟೊಮೇಟೊ ಮೆಣಸಿನಕಾಯಿಯ ಸಾರಿನಲ್ಲಿ ಅದು ಇಂಗುವವರೆಗೆ ಬೇಯಿಸುತ್ತಾರೆ. ನಮ್ಮ ಶ್ಯಾವಿಗೆ ಉಪ್ಪಿಟ್ಟು ಮಾಡಿದ ಕೈಗೆ ಇದು ಹೊಸದಲ್ಲ. ಅದೇ ಹುರಿಯುವಿಕೆಯನ್ನು ಒಣ ರಿಗತೋನಿಗೆ ಅನ್ವಯಿಸಿ ನೋಡಿದೆ, ಹೊರಗೆ ಬಣ್ಣ ಬಂದು ಒಳಗೆ ಬೇಯಲು ಸತಾಯಿಸಿತು. ಕಪೆಲ್ಲೀನಿ ಎಂಬ ಎಳೆಯಷ್ಟು ತೆಳು ಪಾಸ್ತಾವನ್ನು ಮುರಿದು ಹಾಕಿದರೆ ಮಾತ್ರ ಅದು ಹೊಂದುತ್ತದೆ. ಆಗ ಮೇಲಿನ ಗಸಿಯನ್ನೇ ಸಾರಿನಷ್ಟು ತೆಳುವಾಗಿಸಿ ಬಳಸಬಹುದು. ಕೈಯಿಂದ ಹಿಟ್ಟು ನಾದುವವರಿಗೆ ಇನ್ನೊಂದು ಮಾತು: ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು, ಅಂದರೆ ಮಾಸಾ ಹರೀನಾ, ಗೋಧಿ ರವೆಹಿಟ್ಟಿಗೆ ಐದರಲ್ಲೊಂದು ಪಾಲು ಸೇರಿದರೆ ಟೋರ್ಟಿಯಾದ ಘಮ ಬರುತ್ತದೆ. ಅದಕ್ಕೆ ಜಿಗುಟಿಲ್ಲದ ಕಾರಣ ತಾಲ್ಯಾತೆಲ್ಲೆಯಂತಹ ಪಟ್ಟಿಗಳು ನೀರಿನಲ್ಲಿ ತುಂಡಾಗುತ್ತವೆ. ಹೆಬ್ಬೆರಳಿನಿಂದ ಒತ್ತಿ ಎಳೆಯುವ ದಪ್ಪ ಕವತೆಲ್ಲಿ ಮಾತ್ರ ನಿಂತಿತು, ಪಾಲು ಕಾಲುಭಾಗ ದಾಟಿದಾಗ ಅದೂ ಕರಗಿತು. ತೊಮತೀಯೊ ಎಂಬ ಹುಳಿ ಕಾಯಿಯ ಹಸಿರು ಸಾಸಿನ ಪ್ರಯೋಗ ಇನ್ನೂ ನಡೆದಿದೆ, ಪಾರ್ಮೆಸಾನ್‌ಗೆ ಅದರ ಹುಳಿ ಒಗ್ಗುತ್ತಿಲ್ಲ.

ಬೆಂಗಳೂರಿನಲ್ಲಿರುವ ನನ್ನ ನಾದಿನಿಗೆ ಗ್ವಾಹಿಯೋ ಸುಲಭವಾಗಿ ಸಿಗುವುದಿಲ್ಲ, ಆಮದಿನ ಅಂಗಡಿಯಲ್ಲಿ ಸಿಕ್ಕರೂ ಕೊಟ್ಟ ಬೆಲೆ ಕೇಳಿ ನಾನೇ ಬೆಚ್ಚಿದೆ. ಅವಳಿಗಾಗಿ ಇಲ್ಲಿಗೇ ಬ್ಯಾಡಗಿಯ ಡಬ್ಬಿ ಎಂಬ ತಳಿಯ ಮೆಣಸಿನಕಾಯಿ ತರಿಸಿ ಮಾಡಿ ನೋಡಿದೆ. ಬಣ್ಣದಲ್ಲಿ ಬ್ಯಾಡಗಿ ಮುಂದು, ಖಾರ ಅಷ್ಟಿಷ್ಟೇ, ಆದರೆ ಗ್ವಾಹಿಯೋದ ಹಣ್ಣುಹುಳಿ ಅದರಲ್ಲಿಲ್ಲ. ಹತ್ತು ಹನ್ನೆರಡು ಕಾಯಿಯ ಜೊತೆ ಎಂಟು ಒಣದ್ರಾಕ್ಷಿ, ಕಡಲೆಕಾಳಿನಷ್ಟು ಹುಣಸೆಹಣ್ಣು ನೆನೆಸಿ ರುಬ್ಬಿದರೆ ಅಂತರ ಮುಚ್ಚುತ್ತದೆ. ಸೋಸುವುದನ್ನು ಮಾತ್ರ ಬಿಡಬಾರದು. ಕೊತೀಹಾದ ಬದಲು ಅವಳು ಉಪ್ಪುನೀರಿನ ಫೆಟಾ ಚೀಸನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ ಉದುರಿಸುತ್ತಾಳೆ. ನನಗೆ ಅದು ಇಷ್ಟವಾಗಲಿಲ್ಲ, ಅವಳ ಮಕ್ಕಳಿಗೆ ಇಷ್ಟವಾಗಿದೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಇಲ್ಲಿ ಗ್ವಾಹಿಯೋ ಬಿಡಿಯಾಗಿ ಪೌಂಡಿಗೆ ಏಳೆಂಟು ಡಾಲರ್, ಒಂದು ಪೌಂಡಿನಲ್ಲಿ ಹತ್ತು ಹನ್ನೆರಡು ಸಲದ ಅಡುಗೆಯಾಗುತ್ತದೆ. ಒಳ್ಳೆಯ ಪಾಸ್ತಾ, ಎರಡು ಚೀಸ್ ಎಲ್ಲ ಸೇರಿ ತಟ್ಟೆಯೊಂದಕ್ಕೆ ಮೂರು ಮೂರೂವರೆ ಡಾಲರ್ ಬೀಳುತ್ತದೆ. ಇಂತಹದ್ದೇ ಏನನ್ನೋ ಊರಿನ ಹೋಟೆಲೊಂದು 22ಕ್ಕೆ ಮಾರುತ್ತದೆ, ಅದರಲ್ಲಿ ಕ್ರೀಮೇ ಹೆಚ್ಚು. ಕಾಯಿ ಕೊಳ್ಳುವಾಗ ಬಗ್ಗಿಸಿ ನೋಡಬೇಕು: ಚರ್ಮದಂತೆ ಬಾಗುವುದು ಹೊಸದು, ಪಟ್ಟೆಂದು ಮುರಿಯುವುದು ಹಳೆಯದು, ಅದರಲ್ಲಿ ಬಣ್ಣವಿದ್ದರೂ ರುಚಿ ಇರುವುದಿಲ್ಲ. ನಾನು ಒಂದೇ ಸಲ ಮೂರು ಪಾಲು ಗಸಿಯನ್ನು ಹುರಿದು ಐಸಿನ ಅಚ್ಚುಗಳಲ್ಲಿ ಹೆಪ್ಪುಗಟ್ಟಿಸಿ ಎರಡು ಮೂರು ತಿಂಗಳು ಇಟ್ಟುಕೊಳ್ಳುತ್ತೇನೆ. 100 ಗ್ರಾಂ ಪಾಸ್ತಾಕ್ಕೆ ಮೂರು ಬಿಲ್ಲೆ ಸಾಕು. ಅವನ್ನು ನೇರವಾಗಿ ಪಾಸ್ತಾದ ನೀರಿಗೆ ಹಾಕದೆ, ಒಂದು ಚಮಚ ಬಿಸಿ ಎಣ್ಣೆಯಲ್ಲಿ ಕರಗಿಸಿ ಎಣ್ಣೆ ಮತ್ತೆ ಬಿಟ್ಟುಕೊಂಡ ಮೇಲೆಯೇ ನೀರಿನ ಸೌಟಿಗೆ ಕೈಹಾಕಬೇಕು.