ಆಸ್ಪತ್ರೆಯಿಂದ ಪಾಲಿಕ್ಲಿನಿಕ್‌ಗೆ ಒಂದು ಹಾಳೆ: ನನ್ನ ಅನುಭವ

ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ಹಾಸನಕ್ಕೆ ಮರಳುವ ಮಾಜಿ ಸೈನಿಕರ ಔಷಧಿ ಗೊಂದಲಕ್ಕೆ ಒಂದೇ ಹಾಳೆ ಸಾಕೆಂದು ನಾನು ಹೇಳಿದಾಗ ನಮ್ಮ ಸಂಘದ ಹಿರಿಯರು ನಕ್ಕಿದ್ದರು. ಈಗ ಅವರೇ ಅದನ್ನು ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದಾರೆ. ಮಾಜಿ ಸೈನಿಕರ ವೈದ್ಯಕೀಯ ಯೋಜನೆಯಾದ ಇ.ಸಿ.ಎಚ್.ಎಸ್. 2003ರಲ್ಲಿ ಆರಂಭವಾದಂದಿನಿಂದ ಕಾರ್ಡು, ರೆಫರಲ್, ತುರ್ತು ದಾಖಲಾತಿಯನ್ನು 48 ಗಂಟೆಯೊಳಗೆ ತಿಳಿಸುವುದು ಎಲ್ಲವೂ ನಮಗೆ ರೂಢಿಯಾಗಿರುವುದರಿಂದ ಅವನ್ನು ಇಲ್ಲಿ ವಿವರಿಸುವುದಿಲ್ಲ.

ಮೊದಲು ಎಲ್ಲರಿಗೂ ಫೈಲು ಕೊಟ್ಟು ನೋಡಿದೆ. ಪಿಂಚಣಿಯಿಂದ ನಾಲ್ಕೈದು ಸಾವಿರ ಹೋಯಿತು. ಮನೆಯವರು ಅದರಲ್ಲಿ ಪಹಣಿ, ಕರೆಂಟ್ ಬಿಲ್ಲುಗಳನ್ನು ಜೋಪಾನವಾಗಿಟ್ಟು, ಬಿಡುಗಡೆಯಾಗುವಾಗ ಆಸ್ಪತ್ರೆ ಬರೆದುಕೊಡುವ ಡಿಸ್ಚಾರ್ಜ್ ಸಮ್ಮರಿಯನ್ನು ಮಾತ್ರ ಬೀರುವಿನಲ್ಲೇ ಬಿಟ್ಟು ಬರುತ್ತಿದ್ದರು. ಆಮೇಲೆ ಮಾಡಿದ ವಾಟ್ಸಾಪ್ ಗುಂಪು ಶುಭೋದಯದ ಚಿತ್ರಗಳಲ್ಲಿ ಮುಳುಗಿಹೋಯಿತು.

ನಿಜವಾದ ತೊಡಕು ಮಾತ್ರೆಯ ಹೆಸರಿನಲ್ಲಿತ್ತು. ಆಸ್ಪತ್ರೆಯವರು ಬರೆಯುವುದು ಒಂದು ಕಂಪನಿಯ ಹೆಸರು, ಯೋಜನೆಯ ಹೊರರೋಗಿ ದವಾಖಾನೆಯಾದ ಪಾಲಿಕ್ಲಿನಿಕ್‌ನಲ್ಲಿ ಸಿಗುವುದು ಅದೇ ಔಷಧಿಯ ಇನ್ನೊಂದು ಕಂಪನಿಯ ಸ್ಟ್ರಿಪ್. ಸಕಲೇಶಪುರ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಎರಡೂ ಬೇರೆಯೆಂದು ತಿಳಿದು ಬಿ.ಪಿ. ಇಳಿಸುವ ಟೆಲ್ಮಿಸಾರ್ಟಾನನ್ನು ದುಪ್ಪಟ್ಟು ನುಂಗಿ, ಬಿ.ಪಿ. ಕುಸಿದು ಮತ್ತೆ ದಾಖಲಾದರು. ಆಂಬುಲೆನ್ಸಿಗೇ ಎಂಟೊಂಬತ್ತು ಸಾವಿರ ತೆತ್ತರು.

ಆದ್ದರಿಂದ ನನ್ನ ಹಾಳೆಯಲ್ಲಿ ಜನರಿಕ್ ಹೆಸರು (ಕಂಪನಿಯದಲ್ಲ, ಔಷಧಿಯದೇ ಹೆಸರು), ಪ್ರಮಾಣ, ನುಂಗುವ ಹೊತ್ತು ಇಷ್ಟೇ ಇರುತ್ತವೆ, ಜೊತೆಗೆ ಹಿಂದೆ ನುಂಗುತ್ತಿದ್ದು ಈಗ ನಿಲ್ಲಿಸಬೇಕಾದ ಔಷಧಿಗಳ ಒಂದು ಕಾಲಂ. ಸಮ್ಮರಿಯಲ್ಲಿ ಹೊಸ ಮಾತ್ರೆಗಳೆಲ್ಲ ಇರುತ್ತವೆ, ನಿಲ್ಲಿಸಿದ್ದನ್ನು ಬರೆಯುವವರು ಕಡಿಮೆ. ಬಿಡುಗಡೆಯ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಯಾರೂ ಕೈಗೆ ಸಿಗುವುದಿಲ್ಲವಾದ್ದರಿಂದ ಹಿಂದಿನ ಸಂಜೆಯೇ ವಾರ್ಡಿನ ವೈದ್ಯರಿಂದ ತುಂಬಿಸಿ ಸಹಿ ಹಾಕಿಸಬೇಕು. ಅವರನ್ನು ಒಪ್ಪಿಸುವ ಬಗೆಯನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ; ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ವರ್ಷಗಟ್ಟಲೆ ವಾರ್ಡು ಕಾದವನಿಗೆ ಅಷ್ಟು ತಿಳಿದಿರುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೊಗ್ರೆಲ್ ಒಂದು ದಿನವೂ ತಪ್ಪಬಾರದು. ಹೀಗಾಗಿ ವಾರಕ್ಕಾಗುವಷ್ಟು ಮಾತ್ರೆ ಕೈಯಲ್ಲಿಲ್ಲದೆ ಆಸ್ಪತ್ರೆ ಬಿಡಬೇಡಿರೆಂದು ಎಲ್ಲರಿಗೂ ಹೇಳುತ್ತೇನೆ.

ಮನೆಗೆ ಬಂದ ಎರಡು ಮೂರು ದಿನಗಳಲ್ಲಿ ಫೋನು ಮಾಡುತ್ತೇನೆ. ಪಾಲಿಕ್ಲಿನಿಕ್‌ಗೆ ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಹಳೆಯವನ್ನೂ ಸೇರಿಸಿ, ಒಂದೇ ಚೀಲದಲ್ಲಿ ತರಿಸಿ ಹಾಳೆಯೊಡನೆ ತಾಳೆ ನೋಡುತ್ತೇವೆ.

ಓದಲಾಗದವರಿಗಾಗಿ ಸ್ಟ್ರಿಪ್‌ಗಳಿಗೆ ಬಣ್ಣದ ಚೀಟಿ ಅಂಟಿಸಿ ನೋಡಿದ್ದೆ. ಕಣ್ಣಿಗೆ ಪೊರೆ ಬಂದವರಿಗೆ ಬಣ್ಣ ತಿಳಿಯಲಿಲ್ಲ. ಬದಲಿಗೆ ಹತ್ತು ರೂಪಾಯಿಯ ಸ್ಟಿಕ್ಕರ್ ಬೊಟ್ಟು ತಂದು ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು ಅಂಟಿಸಿದ ಮೇಲೆ ಬೆರಳಿನಿಂದಲೇ ಗುರುತಿಸತೊಡಗಿದರು.

ಮೊದಲು ಬಿಡುಗಡೆಯಾದ ಹತ್ತು ಮಂದಿಯಲ್ಲಿ ಮೂವರಾದರೂ ತಿಂಗಳೊಳಗೆ ಮತ್ತೆ ದಾಖಲಾಗುತ್ತಿದ್ದರೆಂದು ನೆನಪು. ಈಗ ಒಬ್ಬರಾದರೆ ಹೆಚ್ಚು. ಚಿಕ್ಕಮಗಳೂರಿನ ಗೆಳೆಯರು ಹಾಳೆಯ ಪ್ರತಿ ಒಯ್ದು, ಜಾಗ ಸಾಲದೆಂದು ನಿಲ್ಲಿಸಬೇಕಾದ ಔಷಧಿಯ ಕಾಲಂ ತೆಗೆದಿದ್ದಾರೆಂದು ಕೇಳಿದೆ. ತೆಗೆಯಲೇಬೇಕಿದ್ದರೆ ಮೇಲಿರುವ ಸಂಘದ ಲಾಂಛನವನ್ನು ತೆಗೆಯಿರೆಂದು ಹೇಳಿಕಳುಹಿಸಿದ್ದೇನೆ.