ಉಳಿದ ಬಟ್ಟೆಯಲ್ಲಿ ಪ್ರಯಾಣಕ್ಕೊಂದು ಕೌದಿ

ಬೆಂಗಳೂರಿನಿಂದ ರಾತ್ರಿ ಎಸಿ ಬಸ್ಸು ಹತ್ತಿದರೆ ಶಾಲು ಸಾಲುವುದಿಲ್ಲ. ಮನೆಯ ರಗ್ಗು ಬ್ಯಾಗಿನಲ್ಲಿ ಹಿಡಿಸುವುದಿಲ್ಲ. ಜುಬ್ಬಾ, ಬ್ಲೌಸು ಹೊಲಿದು ಉಳಿದ ತುಂಡುಗಳು ಹೇಗೂ ಒಂದು ಚೀಲ ತುಂಬ ಇದ್ದವು. ಅದರಲ್ಲೇ ಹೊದೆಯಲು ಪುಟ್ಟ ಕೌದಿ ಹೊಲಿದುಕೊಂಡೆ.

ಉತ್ತರ ಕರ್ನಾಟಕದವರಿಗೆ ಕೌದಿಯ ಬಗ್ಗೆ ಹೇಳಬೇಕಿಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿಯುತ್ತಾರೆ. ಆದರೆ ಮನೆಯ ಕೌದಿ ಭಾರ. ಪ್ರಯಾಣಕ್ಕೆ ಮೂರೇ ಪದರ ಸಾಕು: ಕೆಳಗೆ ಸೀರೆ, ನಡುವೆ ಅದೇ ಸೀರೆ, ಮೇಲೆ ತುಂಡುಗಳು. ನಡುವಿನ ಪದರಕ್ಕೆ ಹತ್ತಿ, ಫೋಮು ಏನೂ ಬೇಡ. ತೂಕ ಏರುವುದೇ ಅಲ್ಲಿ.

ಅಳತೆಯನ್ನು ಸೀರೆಯೇ ಹೇಳುತ್ತದೆ. ಕಾಟನ್ ಸೀರೆಯ ಪನ್ನ ಸುಮಾರು 45 ಇಂಚು. ಅದೇ ಕೌದಿಯ ಅಗಲ, ಜೋಡಿಸುವ ಕೆಲಸವೇ ಇಲ್ಲ. ಉದ್ದ 5 ಅಡಿ ಇಟ್ಟೆ, ಭುಜದಿಂದ ಪಾದದವರೆಗೆ ಬರುತ್ತದೆ. ಮುಸುಕು ಹಾಕಿ ಮಲಗುವವರು ಒಂದಡಿ ಜಾಸ್ತಿ ಇಡಿ. ತೆಳ್ಳನೆಯ ಬಟ್ಟೆಯನ್ನೇ ಹಾಕಿದರೆ ಒಟ್ಟು ತೂಕ ಅರ್ಧ ಕೆಜಿಯ ಆಸುಪಾಸು ನಿಲ್ಲುತ್ತದೆ.

ತುಂಡು ಆರಿಸುವಾಗ ಸ್ವಲ್ಪ ಕಲ್ಲುಮನಸ್ಸು ಬೇಕು. ಮಲ್, ವಾಯಿಲ್‌ನಂಥ ತೆಳು ಕಾಟನ್, ಬ್ಲೌಸಿನ ಲೈನಿಂಗ್ ಒಳ್ಳೆಯದು. ಜೀನ್ಸು, ಪರದೆ ಬಟ್ಟೆ ಬೇಡ. ರೇಷ್ಮೆ ತುಂಡು ಎಷ್ಟೇ ಚಂದ ಇದ್ದರೂ ಜಾರುತ್ತದೆ, ಕಾಟನ್ ಜೊತೆ ಒಗೆಯಲೂ ಆಗುವುದಿಲ್ಲ. ಚಿಕ್ಕ ಚಿಕ್ಕ ಚೂರು ಜೋಡಿಸಿದಷ್ಟೂ ಮಡಿಕೆ ಹೆಚ್ಚಿ ದಪ್ಪವಾಗುತ್ತದೆ. ಅಂಗೈಗಿಂತ ಸಣ್ಣದನ್ನು ನಾನು ಮುಟ್ಟಲಿಲ್ಲ. ಎಲ್ಲವನ್ನೂ ಮೊದಲೇ ಒಗೆಯಿರಿ. ಹೊಸ ಬಟ್ಟೆ ಕುಗ್ಗುತ್ತದೆ, ಹಳೆ ಸೀರೆ ಕುಗ್ಗುವುದಿಲ್ಲ. ಒಗೆಯದೆ ಹೊಲಿದರೆ ಆಮೇಲೆ ಸುಕ್ಕುಗಟ್ಟುತ್ತದೆ. ಕೆಂಪು, ನೀಲಿ ಬಟ್ಟೆಯ ಅಂಚನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಪಕ್ಕಕ್ಕಿಡಿ.

ನಡುವಿನ ಪದರವನ್ನು ಸುತ್ತಲೂ ಒಂದಿಂಚು ಚಿಕ್ಕದಾಗಿ ಕತ್ತರಿಸಿ. ಕೆಳಗಿನ ಸೀರೆಯ ಅಂಚನ್ನು ಮೇಲಕ್ಕೆ ಮಡಿಸಿದರೆ ಅದೇ ಬಾರ್ಡರು. ಎರಡೂ ಪದರವನ್ನು ದೊಡ್ಡ ಕಚ್ಚಾ ಹೊಲಿಗೆಯಲ್ಲಿ ಹಿಡಿದಿಡಿ. ಮುಂದಿನದು ನಾನು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕ್ರಮದಂತೆ ಮಾಡಿದ್ದು. ಮೂಲೆಯಲ್ಲಿ ಶುರು, ಅಂಚಿನುದ್ದಕ್ಕೂ ಸುತ್ತು ಹಾಕುತ್ತಾ ನಡುವಿಗೆ ಬರುವುದು. ತುಂಡಿನ ಅಂಚನ್ನು ಒಳಕ್ಕೆ ಮಡಿಚಿ, ಮೂರೂ ಪದರ ಸೇರಿಸಿ ರನ್ನಿಂಗ್ ಸ್ಟಿಚ್ ಹಾಕುತ್ತಾ ಹೋದರೆ ಆಯಿತು. ತುಂಡುಗಳನ್ನು ಬೇರೆಯಾಗಿ ಜೋಡಿಸಬೇಕಿಲ್ಲ. ಫ್ರೇಮು, ಮೆಷಿನ್ನು ಯಾವುದೂ ಬೇಡ, ತೊಡೆಯ ಮೇಲೆ ಹಾಸಿಕೊಂಡು ಕೂತರೆ ಸಾಕು. ಸಾಲಿನಿಂದ ಸಾಲಿಗೆ ಹೆಬ್ಬೆರಳಿನಷ್ಟು ಅಂತರ ಇರಲಿ. ತೀರಾ ಒತ್ತಾಗಿ ಹೊಲಿದರೆ ಕೌದಿ ಬಿರುಸಾಗುತ್ತದೆ, ದೂರ ದೂರ ಹಾಕಿದರೆ ಸವೆದ ಸೀರೆ ಬೇಗ ಹರಿಯುತ್ತದೆ. ದಾರ ಕಾಟನ್ನೇ ಇರಲಿ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದರೆ ಸುತ್ತಮುತ್ತಲ ಗಲ್ಲಿಗಳಲ್ಲಿ ಬೇಕಾದ ಬಣ್ಣ ಸಿಗುತ್ತದೆ. ನಾನಂತೂ ದಾರಕ್ಕೆ ಹೋಗಿ ಮತ್ತಷ್ಟು ಕಟ್ ಪೀಸ್ ತಂದೆ. ಚೀಲ ಖಾಲಿಯಾಗುವುದು ಹೇಗೆ, ಅಲ್ವಾ?

ಉಳಿದ ಸೆರಗಿನಲ್ಲಿ 15 ಇಂಚಿನ ಚೌಕ ಜೇಬು ಮಾಡಿ, ಹಿಂಬದಿಯಲ್ಲಿ ಕೆಳ ಅಂಚಿನ ನಡುವೆ ಮೂರು ಬದಿ ಹೊಲಿದೆ. ಕೌದಿಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಜೇಬನ್ನು ಒಳಹೊರಗು ಮಾಡುತ್ತಾ ಎಲ್ಲವನ್ನೂ ತುರುಕಿದರೆ ತಲೆದಿಂಬು ರೆಡಿ. ಬಸ್ಸಿನಲ್ಲಿ ಚಳಿ ಇಲ್ಲದ ದಿನ ಅದೇ ಉಪಯೋಗ. ಒಗೆಯುವುದೂ ಸುಲಭ, ತೆಳ್ಳಗಿರುವುದರಿಂದ ಬೇಗ ಒಣಗುತ್ತದೆ. ಮೆಷಿನ್ನಿಗೆ ಹಾಕುವುದಾದರೆ ಜೇಬಿನಿಂದ ಹೊರಗೆ ತೆಗೆದು, ನೆಟ್ ಚೀಲದೊಳಗಿಟ್ಟು ಹಾಕಿ.