ಬಿಸಿಲು ಏರುವ ಮುಂಚೆ ವಾಪಸ್: ನೆಂಟರ ಜೊತೆ ಮೈಸೂರಿನ ಸುತ್ತಮುತ್ತ

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದರೆ ಸಾಕು, ಪುಣೆಯಿಂದ ನನ್ನ ತಂಗಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಬರುತ್ತಾಳೆ. ಜೊತೆಗೆ ಅವಳ ಅತ್ತೆ. ತುಮಕೂರಿನಿಂದ ನಮ್ಮ ದೊಡ್ಡಮ್ಮ. ನಾನು, ನಮ್ಮ ಯಜಮಾನರು, ಮಗಳು ಸೇರಿ ಎಂಟು ಜನ. ಚಿಕ್ಕವನಿಗೆ ಆರು ವರ್ಷ, ದೊಡ್ಡಮ್ಮನಿಗೆ ಎಪ್ಪತ್ತನಾಲ್ಕು.

ಒಂದು ವರ್ಷ ಸೋಮನಾಥಪುರ, ತಲಕಾಡು, ಶಿವನಸಮುದ್ರ ಮೂರನ್ನೂ ಒಂದೇ ದಿನ ನೋಡಿಬಿಡೋಣ ಅಂತ ಹೊರಟೆವು. ಮನೆ ಬಿಟ್ಟಾಗಲೇ ಒಂಬತ್ತೂವರೆ. ತಲಕಾಡಿನ ಮರಳಿಗೆ ಕಾಲಿಟ್ಟಾಗ ಮಧ್ಯಾಹ್ನ ಒಂದು ಗಂಟೆ. ಪಾತಾಳೇಶ್ವರನ ಗುಡಿಯಿಂದ ಮರುಳೇಶ್ವರನ ಗುಡಿಗೆ ಹೋಗುವಷ್ಟರಲ್ಲಿ ದೊಡ್ಡಮ್ಮನ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಅವರು ಬಾಯಿ ಬಿಟ್ಟು ಹೇಳಲಿಲ್ಲ. ರಾತ್ರಿ ಕಾಲು ತೊಳೆಯುವಾಗ ನಾನೇ ನೋಡಿದೆ. ತುಂಬಾ ಸಂಕಟವಾಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ದಿನಕ್ಕೆ ಒಂದೇ ಊರು. ಬೆಳಕು ಹರಿಯುವಾಗ ಹೊರಡುವುದು, ಹನ್ನೊಂದರ ಹೊತ್ತಿಗೆ ವಾಪಸ್ ಗಾಡಿ ಹತ್ತುವುದು, ಮಧ್ಯಾಹ್ನ ಫ್ಯಾನ್ ಕೆಳಗೆ ಚಾಪೆ ಹಾಸಿ ಎಲ್ಲರೂ ಮಲಗುವುದು. ಸಂಜೆ ಬೇಕಿದ್ದರೆ ಊರೊಳಗೆ ಇನ್ನೊಂದು ಜಾಗ.

ಇದಕ್ಕೆ ಹೇಳಿ ಮಾಡಿಸಿದ ಊರು ಮೇಲುಕೋಟೆ. ಮೈಸೂರಿನಿಂದ ಸುಮಾರು ಐವತ್ತು ಕಿಲೋಮೀಟರ್. ಐದೂವರೆಗೆ ಹೊರಟರೆ ಏಳರ ಹೊತ್ತಿಗೆ ಕಲ್ಯಾಣಿಯ ಪಕ್ಕ ಇರುತ್ತೀರಿ. ಮೊದಲು ಬೆಟ್ಟ. ಯೋಗಾನರಸಿಂಹನ ಗುಡಿಯ ಮೆಟ್ಟಿಲು ತಣ್ಣಗಿರುವಾಗಲೇ ಮಕ್ಕಳ ಜೊತೆ ಒಬ್ಬರು ಹತ್ತಿ ಬರಲಿ. ಮಂಡಿ ನೋವಿನವರನ್ನು ಒತ್ತಾಯ ಮಾಡಬೇಡಿ. ಕಲ್ಯಾಣಿಯ ಸುತ್ತ ಇರುವ ಕಲ್ಲಿನ ಮಂಟಪದಲ್ಲಿ ನೆರಳಿದೆ, ಗಾಳಿಯೂ ಇದೆ. ತಂಗಿಯ ಅತ್ತೆ ಮತ್ತು ದೊಡ್ಡಮ್ಮ ಅಲ್ಲೇ ಕೂತು ಎರಡು ಗಂಟೆ ಮಾತಾಡಿದ್ದು ಇಬ್ಬರಿಗೂ ಇನ್ನೂ ನೆನಪಿದೆ. ಅವರ ಹತ್ತಿರ ಒಬ್ಬರಾದರೂ ಇರಿ, ನೀರಿನ ಬಾಟಲಿ ಕೊಟ್ಟಿರಿ. ಆಮೇಲೆ ಎಲ್ಲರೂ ಸೇರಿ ಚೆಲುವನಾರಾಯಣನ ದರ್ಶನ. ಅಲ್ಲಿನ ಪುಳಿಯೋಗರೆ, ಸಕ್ಕರೆ ಪೊಂಗಲ್ ತಿನ್ನದೆ ಬರಬೇಡಿ. ಆ ದಿನ ಮನೆಯಿಂದ ಮೊಸರನ್ನ ಮಾತ್ರ ತಗೊಂಡರೆ ಸಾಕು.

ಮೊಸರನ್ನವನ್ನು ಬೇಸಿಗೆ ಪ್ರಯಾಣಕ್ಕೆ ಮಾಡುವ ರೀತಿ ಬೇರೆ. ಮೊಸರು ಜಾಸ್ತಿ ಹಾಕಿದರೆ ಹತ್ತು ಗಂಟೆಗೇ ಹುಳಿ. ಎರಡು ಪಾವು ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಚೆನ್ನಾಗಿ ಮಸೆಯಿರಿ. ಕಾಯಿಸಿದ ಹಾಲು ಒಂದು ಲೀಟರ್ ಸೇರಿಸಿ. ಉಗುರುಬೆಚ್ಚಗಾದ ಮೇಲೆ ಎರಡು ಚಮಚ ಮೊಸರು, ಉಪ್ಪು. ಸಾಸಿವೆ, ಉದ್ದಿನಬೇಳೆ, ಶುಂಠಿ, ಹಸಿಮೆಣಸು, ಕರಿಬೇವಿನ ಒಗ್ಗರಣೆ. ಡಬ್ಬಿಯೊಳಗೇ ನಿಧಾನವಾಗಿ ಹೆಪ್ಪಾಗುತ್ತದೆ. ತಿನ್ನುವ ಹೊತ್ತಿಗೆ ಹುಳಿ ಬಂದಿರುವುದಿಲ್ಲ. ಹಸಿ ಈರುಳ್ಳಿ ಬೇಡ. ದ್ರಾಕ್ಷಿ, ದಾಳಿಂಬೆ ಬೇಕಿದ್ದರೆ ಬೇರೆ ಡಬ್ಬಿಯಲ್ಲಿಟ್ಟು ಬಡಿಸುವಾಗ ಹಾಕಿ.

ನೀರಿಗೆ ನಲ್ಲಿ ಇರುವ ಇಪ್ಪತ್ತು ಲೀಟರ್ ಕ್ಯಾನ್ ಗಾಡಿಯಲ್ಲಿರಲಿ. ಕುಡಿಯಲೂ ಆಯಿತು, ಕೈತೊಳೆಯಲೂ ಆಯಿತು. ಉಪ್ಪು, ಇಂಗು ಹಾಕಿದ ಮಜ್ಜಿಗೆ ಒಂದು ಫ್ಲಾಸ್ಕ್.

ಸೋಮನಾಥಪುರವನ್ನು ಬೇಸಿಗೆಯಲ್ಲಿ ನೋಡಬಹುದು. ಬನ್ನೂರು ದಾರಿಯಲ್ಲಿ ಹೋಗಿ, ಹೊಯ್ಸಳರ ಕಾಲದ ಗುಡಿಯ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಒಂದೊಂದು ಜೊತೆ ದಪ್ಪ ಕಾಲುಚೀಲ ಎಲ್ಲರ ಹತ್ತಿರವೂ ಇರಬೇಕು. ಚಪ್ಪಲಿ ಬಿಟ್ಟ ಮೇಲೆ ಅಂಗಳದ ಕಲ್ಲು ಕಾಲು ಸುಡುತ್ತದೆ. ದೊಡ್ಡಮ್ಮನಿಗೆ ನಾನೇ ಹಾಕಿಸುತ್ತೇನೆ. ಬಿಸಿಲು ಏರುವ ಮುಂಚೆ ಹೊರಗಿನ ಗೋಡೆ ನೋಡಿ ಮುಗಿಸಿ, ಆಮೇಲೆ ಒಳಗೆ ಹೋಗಿ. ಒಳಗೆ ತಂಪು. ತಲೆ ಎತ್ತಿದರೆ ಬಾಳೆಮೊಗ್ಗಿನಂಥ ಕೆತ್ತನೆಯ ಛಾವಣಿ. ಮಕ್ಕಳಿಗೆ ಹೊರಗಡೆ ಒಂದು ಕೆಲಸ ಕೊಡಿ: ಕೆಲವು ಮೂರ್ತಿಗಳ ಕೆಳಗೆ ಶಿಲ್ಪಿಗಳು ಹಳಗನ್ನಡ ಲಿಪಿಯಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ, ಅವನ್ನು ಹುಡುಕಬೇಕು. ಮಲ್ಲಿತಮ್ಮ ಅನ್ನುವ ಹೆಸರು ಅಲ್ಲಿದೆ. ಬೇಲೂರು, ಹಳೇಬೀಡಿನ ಜೊತೆ ಈ ಗುಡಿಯೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು ಅಂದಾಗ ಪುಣೆಯ ಮಕ್ಕಳ ಮುಖ ಅರಳಿತು.

ಶಿವನಸಮುದ್ರದ ಜಲಪಾತಕ್ಕೆ ಮಾತ್ರ ಏಪ್ರಿಲ್, ಮೇನಲ್ಲಿ ಕರೆದುಕೊಂಡು ಹೋಗಬೇಡಿ. ಬರೀ ಬಂಡೆ ಕಾಣುತ್ತದೆ. ಮಳೆ ಹಿಡಿದು ಕಾವೇರಿ ತುಂಬಿದ ಮೇಲೆ ಹೋಗುವ ಜಾಗ ಅದು.

ಅದರ ಬದಲು ರಂಗನತಿಟ್ಟು. ಶ್ರೀರಂಗಪಟ್ಟಣದ ಹತ್ತಿರವೇ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ. ಬೇಸಿಗೆಯಲ್ಲಿ ಗೂಡುಗಳಲ್ಲಿ ಮರಿಗಳಿರುತ್ತವೆ, ಬಂಡೆ ಮೇಲೆ ಮೊಸಳೆ ಮಲಗಿರುತ್ತದೆ. ಬೆಳಗಿನ ಮೊದಲ ದೋಣಿಗೇ ಹತ್ತಿ, ಮಕ್ಕಳ ಕೈ ದೋಣಿಯೊಳಗೇ ಇರಲಿ.

ಹೊಳೆಯ ವಿಷಯ ಬಂದಾಗ ನಾನು ಬಹಳ ಕಟ್ಟುನಿಟ್ಟು. ತಲಕಾಡಿನಲ್ಲಾಗಲಿ, ಬಲಮುರಿಯಲ್ಲಾಗಲಿ ಕಾವೇರಿ ಶಾಂತವಾಗಿಯೇ ಕಾಣುತ್ತಾಳೆ. ಆದರೆ ಮರಳಿನಡಿ ಗುಂಡಿ ಇರುತ್ತದೆ, ಸುಳಿ ಇರುತ್ತದೆ. ಮಕ್ಕಳಿಗೆ ಮೊಣಕಾಲಿನವರೆಗೆ ಮಾತ್ರ, ಅದೂ ದೊಡ್ಡವರು ಕೈ ಹಿಡಿದಿದ್ದರೆ. ಈಜು ಬರುತ್ತೆ ಅನ್ನುವವರಿಗೂ ಇದೇ ಮಾತು. ನೆಂಟರು ಮುನಿಸಿಕೊಂಡರೂ ಪರವಾಗಿಲ್ಲ.

ಬಸ್ಸಿನಲ್ಲಿ ಹೋಗುವವರಿಗೆ ಒಂದು ಮಾತು. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಇರುವುದು ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದವರಿಗೆ. ಪುಣೆಯ ತಂಗಿ, ಅವಳ ಅತ್ತೆಗೆ ಟಿಕೆಟ್ ತಗೊಳ್ಳಲೇಬೇಕು. ಕಂಡಕ್ಟರ್ ಮುಂದೆ ಅವರಿಗೆ ಮುಜುಗರ ಆಗದ ಹಾಗೆ ಮೊದಲೇ ತಿಳಿಸಿಬಿಡಿ.

ಭಾನುವಾರ ಸಂಜೆಯನ್ನು ಅರಮನೆಗೆ ಮೀಸಲಿಡಿ. ಅವತ್ತು ಬೆಳಿಗ್ಗೆ ಎಲ್ಲಿಗೂ ಹೋಗಬೇಡಿ, ಮಕ್ಕಳು ಮಾವಿನಹಣ್ಣು ತಿಂದುಕೊಂಡು ಮನೆಯಲ್ಲೇ ಇರಲಿ. ಏಳು ಗಂಟೆಗೆ ದೀಪ ಹತ್ತುತ್ತದೆ, ಸುಮಾರು ಒಂದು ಲಕ್ಷ ಬಲ್ಬು. ಆರೂಕಾಲಿಗೇ ಒಳಗಿರಿ, ಇಲ್ಲದಿದ್ದರೆ ಚಿಕ್ಕ ಮಕ್ಕಳಿಗೆ ದೊಡ್ಡವರ ಬೆನ್ನು ಮಾತ್ರ ಕಾಣುತ್ತದೆ. ಮಡಚುವ ಸ್ಟೂಲ್ ಎರಡು ತಗೊಳ್ಳಿ. ಹೋದ ಸಲ ದೀಪ ಹತ್ತಿದಾಗ ದೊಡ್ಡಮ್ಮ ಸ್ಟೂಲಿನಿಂದ ಎದ್ದು ನಿಂತುಬಿಟ್ಟರು. ಮತ್ತೆ ಕೂತದ್ದು ದೀಪ ಆರಿದ ಮೇಲೆಯೇ.